ಅಂಗಪರಿವರ್ತನೆಯೂ ಸತ್ಯವಚನವೂ

ಒಂದು ವಸ್ತುವಿನ ಅಂಗವೊಂದು ಸವೆದು ಕೆಟ್ಟಾಗ ಅದನ್ನು ತೆಗೆದು ಬೇರೊಂದನ್ನು ಸೇರಿಸುವುದು ಲೋಕದಲ್ಲಿ ದಿನದಿನವೂ ನಡೆಯುವ ಸಂಗತಿ. ನೇಗಿಲಿನ ಕುಳ ಸವೆದರೆ ಒಕ್ಕಲಿಗನು ಹೊಸ ಕುಳವನ್ನು ಹಾಕಿಸುತ್ತಾನೆ. ಗಾಡಿಯ ಅಚ್ಚು ಮುರಿದರೆ ಬಡಗಿಯು ಬೇರೆ ಅಚ್ಚನ್ನು ಕೂಡಿಸುತ್ತಾನೆ. ವೀಣೆಯ ಮೇಣವು ಒಣಗಿ ಬಿರಿದರೆ ಮೇಳ ಕಟ್ಟುವವನು ಹಳೆಯದನ್ನು ಕಿತ್ತು, ಹೊಸ ಮೇಣವನ್ನು ಹಾಕಿ, ಮೆಟ್ಟಿಲುಗಳನ್ನು ಮತ್ತೆ ನಿಲ್ಲಿಸುತ್ತಾನೆ. ಇಷ್ಟಾದರೂ ನೇಗಿಲು ಅದೇ ನೇಗಿಲು, ಗಾಡಿ ಅದೇ ಗಾಡಿ, ವೀಣೆಯೂ ಅಜ್ಜಿಯ ಕಾಲದ ಅದೇ ವೀಣೆ ಎಂದು ಮನೆಯವರೆಲ್ಲರೂ ಹೇಳುತ್ತಾರೆ. ಈ "ಅದೇ" ಎಂಬ ಎರಡಕ್ಷರದ ಮಾತಿಗೆ ಅರ್ಥವೇನು? ಎಷ್ಟು ಅಂಗಗಳು ಬದಲಾಗುವವರೆಗೆ ಅದು ಸತ್ಯ, ಎಲ್ಲಿಂದಾಚೆಗೆ ಅಸತ್ಯ? ಇದನ್ನು ನಿರ್ಣಯಿಸತಕ್ಕವನು ಶಾಸ್ತ್ರಜ್ಞನೋ, ಕುಶಲಿಯೋ, ಅಥವಾ ಆ ವಸ್ತುವನ್ನು ಕೊಡುವ ಕೊಳ್ಳುವ ಸಾಮಾನ್ಯ ಗೃಹಸ್ಥನೋ?

ಈ ಪ್ರಶ್ನೆಯನ್ನು ವಿಚಾರಿಸುವುದಕ್ಕೆ ನಾನು ತೆಗೆದುಕೊಂಡಿರುವ ದೃಷ್ಟಾಂತವು ವಾಚಕರಲ್ಲಿ ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಅದು ವಿದ್ಯುತ್ ಗಿಟಾರು ಎಂಬ ವಾದ್ಯದಲ್ಲಿರುವ ಒಂದು ಸಣ್ಣ ಸ್ವಿಚ್ಚನ್ನು ಬದಲಾಯಿಸುವ ಕೆಲಸ. ಪಾಠಶಾಲೆಯಲ್ಲಿ ಓದಿದ ಮುದುಕನಿಗೆ ಈ ವಿಷಯದ ಗೊಡವೆ ಏಕೆಂದು ಯಾರಾದರೂ ಕೇಳಿದರೆ, ಅದಕ್ಕೆ ಉತ್ತರವಿಷ್ಟೆ: ನೇಗಿಲಿನ ಕುಳದ ವಿಷಯದಲ್ಲಿ ಯಾರೂ ಜಗಳವಾಡುವುದಿಲ್ಲ, ಈ ಸ್ವಿಚ್ಚಿನ ವಿಷಯದಲ್ಲಾದರೋ ಜನರು ಹಣವನ್ನು ಕೊಡುತ್ತಾರೆ, ಕಳೆದುಕೊಳ್ಳುತ್ತಾರೆ, ಸುಳ್ಳನ್ನೂ ಹೇಳುತ್ತಾರೆ. ಎಲ್ಲಿ ಸುಳ್ಳಿಗೆ ಬೆಲೆಯುಂಟೋ ಅಲ್ಲಿ ಪ್ರಶ್ನೆಯ ಸ್ವರೂಪವು ಸ್ಪಷ್ಟವಾಗಿ ಕಾಣುತ್ತದೆ.

ಮೊದಲು ವಾದ್ಯದ ರಚನೆಯನ್ನು ಸ್ವಲ್ಪ ತಿಳಿಯೋಣ. ನಮ್ಮ ವೀಣೆಯಲ್ಲಿ ತಂತಿಯ ಕಂಪನವನ್ನು ಟೊಳ್ಳಾದ ಕೊಡವು ಹಿಗ್ಗಿಸಿ ಕಿವಿಗೆ ಮುಟ್ಟಿಸುತ್ತದೆ. ವಿದ್ಯುತ್ ಗಿಟಾರಿನ ದೇಹವಾದರೋ ಬಹುಮಟ್ಟಿಗೆ ಗಟ್ಟಿಯಾದ ಮರದ ಹಲಗೆ. ಅದಕ್ಕೆ ಸ್ವಂತ ಧ್ವನಿಯು ಅತ್ಯಲ್ಪ. ಅದರ ಉಕ್ಕಿನ ತಂತಿಗಳ ಕೆಳಗೆ ಪಿಕಪ್ಪು ಎಂಬ ಸಾಧನವಿರುತ್ತದೆ. ಅಯಸ್ಕಾಂತದ ತುಂಡುಗಳ ಸುತ್ತಲೂ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿ ಅದನ್ನು ಮಾಡುತ್ತಾರೆ. ಮೇಲಿನ ತಂತಿಯು ಕಂಪಿಸಿದಾಗ ಅಯಸ್ಕಾಂತದ ಕ್ಷೇತ್ರವು ಅಲುಗಿ, ಸುರುಳಿಯಲ್ಲಿ ಸೂಕ್ಷ್ಮವಾದ ವಿದ್ಯುತ್ತು ಹುಟ್ಟುತ್ತದೆ. ಮೈಕೇಲ್ ಫ್ಯಾರಡೆಯು ೧೮೩೧ರಲ್ಲಿ ಕಂಡುಹಿಡಿದ ನಿಯಮವೇ ಇದು. ಆ ವಿದ್ಯುತ್ತು ಹೊರಗಿನ ಯಂತ್ರದಲ್ಲಿ ಬಲಿತು ನಾದವಾಗುತ್ತದೆ. ಆದಕಾರಣ ಇದನ್ನು ನಾದಗ್ರಾಹಕವೆಂದು ಕರೆದರೆ ತಪ್ಪಾಗಲಾರದು.

ಒಂದೇ ತಂತಿಯಾದರೂ ಅದರ ಎಲ್ಲ ಭಾಗಗಳಲ್ಲಿಯೂ ಕಂಪನವು ಒಂದೇ ಬಗೆಯದಲ್ಲ. ಕತ್ತಿನ ಹತ್ತಿರವಿರುವ ಗ್ರಾಹಕವು ತುಂಬಿದ, ಮೃದುವಾದ ಧ್ವನಿಯನ್ನು ಕೊಡುತ್ತದೆ. ಕುದುರೆಯ ಹತ್ತಿರವಿರುವುದು ಚುರುಕಾದ, ತೀಕ್ಷ್ಣವಾದ ಧ್ವನಿಯನ್ನು ಕೊಡುತ್ತದೆ. ಅಮೆರಿಕೆಯ ಕ್ಯಾಲಿಫೋರ್ನಿಯದ ಫುಲರ್ಟನ್ ಎಂಬ ಊರಿನಲ್ಲಿ ಲಿಯೋ ಫೆಂಡರನು ೧೯೫೪ರಲ್ಲಿ ಹೊರತಂದ ಸ್ಟ್ರಾಟೋಕಾಸ್ಟರ್ ಎಂಬ ಗಿಟಾರಿನಲ್ಲಿ ಇಂತಹ ಗ್ರಾಹಕಗಳು ಮೂರು. ಯಾವ ಗ್ರಾಹಕದ ಧ್ವನಿಯು ಹೊರಗೆ ಹೋಗಬೇಕೆಂಬುದನ್ನು ವಾದಕನು ಆರಿಸುವುದು ಒಂದು ಚಿಕ್ಕ ಸನ್ನೆಯ ಸ್ವಿಚ್ಚಿನಿಂದ. ಲೋಹದ ಒಂದು ನಾಲಗೆಯು ಅಲ್ಲಿಂದಿಲ್ಲಿಗೆ ಸರಿದು ಒಂದು ಸಂಪರ್ಕವನ್ನು ಬಿಟ್ಟು ಮತ್ತೊಂದನ್ನು ಹಿಡಿಯುತ್ತದೆ. ಅದರ ಕೆಲಸವೆಲ್ಲ ಇಷ್ಟೇ. ಅದು ತಾನು ಹಾಡುವುದಿಲ್ಲ. ಯಾರು ಹಾಡಬೇಕೆಂಬುದನ್ನು ಮಾತ್ರ ಹೇಳುತ್ತದೆ.

ಈ ಸ್ವಿಚ್ಚಿನ ಚರಿತ್ರೆಯಲ್ಲಿ ನಮ್ಮ ವಿಚಾರಕ್ಕೆ ಉಪಯುಕ್ತವಾದ ಒಂದು ಸಂಗತಿಯಿದೆ. ಮೊದಲು ಇದಕ್ಕೆ ನಿಲ್ಲುವ ಸ್ಥಾನಗಳು ಮೂರೇ ಇದ್ದವು. ಆದರೆ ಸನ್ನೆಯನ್ನು ಎರಡು ಸ್ಥಾನಗಳ ನಡುವೆ ಜಾಣತನದಿಂದ ನಿಲ್ಲಿಸಿದರೆ ಎರಡು ಗ್ರಾಹಕಗಳು ಒಟ್ಟಿಗೆ ನುಡಿದು, ಯಾವುದೊಂದರಲ್ಲಿಯೂ ಇಲ್ಲದ ಒಂದು ಟೊಳ್ಳಾದ ಇಂಪು ಹುಟ್ಟುವುದನ್ನು ವಾದಕರು ಕಂಡುಕೊಂಡರು. ಇದು ತಯಾರಕನು ಉದ್ದೇಶಿಸಿದುದಲ್ಲ. ಬೆರಳುಗಳು ಹುಡುಕಿ ತೆಗೆದುದು. ಕೊನೆಗೆ ೧೯೭೭ರಲ್ಲಿ, ಎಂದರೆ ೨೩ ವರ್ಷಗಳ ಮೇಲೆ, ಫೆಂಡರ್ ಕಾರ್ಖಾನೆಯೇ ಐದು ಸ್ಥಾನಗಳ ಸ್ವಿಚ್ಚನ್ನು ನಿಯತವಾಗಿ ಹಾಕತೊಡಗಿತು. ಅಂದಿನವರೆಗೆ ಅಪಭ್ರಂಶವಾಗಿದ್ದುದು ಅಂದಿನಿಂದ ಸಾಧುಪ್ರಯೋಗವಾಯಿತು. ವ್ಯಾಕರಣವನ್ನು ಓದಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. "ಮೂಲ" ಎಂದು ನಾವು ಭಕ್ತಿಯಿಂದ ಕರೆಯುವುದು ಕೂಡ ಒಂದು ಕಾಲದ ನಿಲುಗಡೆಯೇ ಹೊರತು ಅನಾದಿಯಾದುದಲ್ಲ.

ಸ್ವಿಚ್ಚು ಕೆಡುವ ಬಗೆ ಸಾಮಾನ್ಯವಾದುದು. ಧೂಳು, ಬೆವರು, ಲೋಹದ ಕಿಲುಬು ಇವು ಸೇರಿ ಸಂಪರ್ಕವು ಮಾಸುತ್ತದೆ. ನಾಲಗೆಯ ಬಿಗುವು ಕುಗ್ಗುತ್ತದೆ. ಸನ್ನೆಯನ್ನು ಸರಿಸಿದಾಗ ಚಟಚಟ ಶಬ್ದವಾಗುತ್ತದೆ. ಒಮ್ಮೊಮ್ಮೆ ಧ್ವನಿಯೇ ನಿಂತುಹೋಗುತ್ತದೆ. ಬುದ್ಧಿವಂತನಾದ ಕುಶಲಿಯು ಮೊದಲು ಅದನ್ನು ಶುದ್ಧಿಮಾಡಿ ನೋಡುತ್ತಾನೆ. ಕೊಳೆಯಿಂದ ಬಂದ ದೋಷಕ್ಕೆ ಸ್ನಾನವೇ ಸಾಕು. ಸವೆತದಿಂದ ಬಂದ ದೋಷಕ್ಕೆ ಮಾತ್ರ ಪರಿವರ್ತನೆ ಬೇಕು. ಈ ವಿವೇಕವಿಲ್ಲದವನು ಅಂಗಗಳನ್ನು ವ್ಯರ್ಥವಾಗಿ ಬಿಸುಡುತ್ತಾನೆ.

ಸವೆತವೇ ಎಂದು ನಿಶ್ಚಯವಾದ ಮೇಲೆ ತಂತಿಗಳನ್ನು ಸಡಿಲಿಸಿ, ಮುಖಫಲಕದ ೧೧ ತಿರುಪುಗಳನ್ನು ಬಿಚ್ಚಿ, ಫಲಕವನ್ನು ಮೆಲ್ಲನೆ ಮಗುಚಬೇಕು. ಯಾವ ತಂತಿಯು ಎಲ್ಲಿ ಕೂಡಿದೆಯೆಂಬುದನ್ನು ಕಾಗದದಲ್ಲಿ ಬರೆದುಕೊಂಡ ಹೊರತು ಒಂದನ್ನೂ ಬಿಡಿಸಕೂಡದು. ಅನಂತರ ಬೆಸುಗೆಯ ಕಡ್ಡಿಯಿಂದ ಹಳೆಯ ಬೆಸುಗೆಯನ್ನು ಕರಗಿಸಿ, ತಂತಿಗಳನ್ನು ಒಂದೊಂದಾಗಿ ಹೊಸ ಸ್ವಿಚ್ಚಿಗೆ ಕೂಡಿಸಬೇಕು. ತವರ ಸೀಸಗಳು ತಕ್ಕ ಪ್ರಮಾಣದಲ್ಲಿ ಬೆರೆತ ಬೆಸುಗೆಯು ಶತಾಂಶಮಾನದ ೧೮೩ ಡಿಗ್ರಿಯಲ್ಲಿ ಕರಗುತ್ತದೆ. ಶಾಖವು ಕಡಮೆಯಾದರೆ ಬೆಸುಗೆ ಹಿಡಿಯದು. ಹೊತ್ತು ಮೀರಿದರೆ ತಂತಿಯ ಹೊದಿಕೆ ಸುಡುತ್ತದೆ. ಮುಚ್ಚುವ ಮೊದಲು ಪ್ರತಿಯೊಂದು ಗ್ರಾಹಕದ ತಲೆಯನ್ನು ಲೋಹದ ಕಡ್ಡಿಯಿಂದ ಮೆಲ್ಲನೆ ತಟ್ಟಿ, ಧ್ವನಿಯು ಬರುವುದೇ ಎಂದು ಪರೀಕ್ಷಿಸಬೇಕು. ಬಳಿಕ ೧೧ ತಿರುಪುಗಳೂ ಮರಳಿ ತಮ್ಮ ತಮ್ಮ ಸ್ಥಾನಕ್ಕೆ ಸೇರುತ್ತವೆ. ಈ ಮುಚ್ಚುವಿಕೆಯನ್ನು ವಾಚಕರು ನೆನಪಿನಲ್ಲಿಡಬೇಕು; ನಮ್ಮ ವಿಚಾರದ ತಿರುಳು ಅಲ್ಲಿಯೇ ಇದೆ.

ಈಗ ನನಗೆ ತಿಳಿದ ಒಂದು ಪ್ರಸಂಗವನ್ನು ಹೇಳುತ್ತೇನೆ. ನನ್ನ ಮಗಳ ಮಗನು ಅಮೆರಿಕೆಯಲ್ಲಿ ಓದುತ್ತಿದ್ದಾಗ, ಮಿತವ್ಯಯದಿಂದ ಉಳಿಸಿದ ಹಣದಿಂದ ೧೯೭೨ರ ಒಂದು ಸ್ಟ್ರಾಟೋಕಾಸ್ಟರನ್ನು ಒಬ್ಬ ಗೃಹಸ್ಥನಿಂದ ಕೊಂಡನು. "ಒಳಗಿನದೆಲ್ಲವೂ ಕಾರ್ಖಾನೆಯಿಂದ ಬಂದಂತೆಯೇ ಇದೆ" ಎಂದು ಮಾರಿದವನು ಹೇಳಿದ್ದನು. ಕೆಲವು ತಿಂಗಳ ಮೇಲೆ ಸ್ವಿಚ್ಚು ಚಟಗುಟ್ಟತೊಡಗಿ, ರಿಪೇರಿಯವನಲ್ಲಿಗೆ ಒಯ್ದಾಗ ಅವನು ಸನ್ನೆಯನ್ನು ಒಮ್ಮೆ ಸರಿಸಿ ನೋಡಿಯೇ ನಕ್ಕನಂತೆ. ಅದು ಐದು ಕಡೆ ನಿಲ್ಲುತ್ತಿತ್ತು. ೧೯೭೨ರ ವಾದ್ಯವು ಕಾರ್ಖಾನೆಯಿಂದ ಹೊರಡುವಾಗ ಮೂರು ಕಡೆಯಲ್ಲದೆ ನಿಲ್ಲುವಂತಿರಲಿಲ್ಲ. ಫಲಕವನ್ನು ತೆರೆದಾಗ ಉಳಿದ ಬೆಸುಗೆಗಳೆಲ್ಲ ಮಂಕಾಗಿದ್ದು, ಸ್ವಿಚ್ಚಿನ ಬೆಸುಗೆಗಳು ಮಾತ್ರ ಹೊಳೆಯುತ್ತಿದ್ದವು.

ಹುಡುಗನಿಗೆ ಆ ವಾದ್ಯವನ್ನು ಬಹುಕಾಲ ಇಟ್ಟುಕೊಳ್ಳುವ ಅನುಕೂಲವಿರಲಿಲ್ಲ. ಓದು ಮುಗಿದ ಮೇಲೆ ಮಾರಬೇಕಾಗಿತ್ತು. ಆಗ ಅವನ ಮಿತ್ರನೊಬ್ಬನು ಕೊಟ್ಟ ಸಲಹೆ ಹೀಗಿತ್ತು: "ಮೂರು ಸ್ಥಾನಗಳ ಸ್ವಿಚ್ಚನ್ನು ಹಳೆಯ ಮಾದರಿಯಲ್ಲಿಯೇ ಈಗಲೂ ಮಾಡಿ ಮಾರುತ್ತಾರೆ. ಅದನ್ನು ಹಾಕಿಸಿ ಮುಚ್ಚಿಬಿಡು. ವಾದ್ಯವು ಹುಟ್ಟಿದಾಗ ಹೇಗಿತ್ತೋ ಹಾಗೆಯೇ ಕಾಣುವುದು. ನಿನಗೆ ಹೇಗೆ ಮಾರಿದರೋ ನೀನೂ ಹಾಗೆಯೇ ಮಾರು. ಮೋಸಹೋದವನು ನೀನು, ನಷ್ಟವನ್ನೂ ನೀನೇ ಏಕೆ ಹೊರಬೇಕು?" ಹುಡುಗನು ಈ ಮಾತನ್ನು ನನಗೆ ಬರೆದು, ಇದರಲ್ಲಿ ತಪ್ಪೆಲ್ಲಿದೆ ಎಂದು ಕೇಳಿದನು. ವ್ಯತ್ಯಾಸವು ಕೆಲವು ನೂರು ಡಾಲರುಗಳದು. ವಿದ್ಯಾರ್ಥಿಗೆ ಅದು ಸಣ್ಣ ಮೊತ್ತವಲ್ಲ. ಆದ್ದರಿಂದ ನಾನು "ಸುಳ್ಳು ಹೇಳಬೇಡ" ಎಂಬ ಒಂದು ಮಾತಿನಲ್ಲಿ ಅವನನ್ನು ಕಳುಹಿಸುವುದು ನ್ಯಾಯವಲ್ಲವೆಂದು ತಿಳಿದೆನು. ಅವನ ಪ್ರಶ್ನೆಗೆ ಪೂರ್ವಪಕ್ಷವೂ ಸಿದ್ಧಾಂತವೂ ಬೇಕಾಗಿದ್ದವು. ಅಂದು ಅವನಿಗೆ ಬರೆದುದನ್ನೇ ಇಲ್ಲಿ ವಿಸ್ತರಿಸಿ ಹೇಳುತ್ತಿದ್ದೇನೆ.

ಮೊದಲನೆಯ ಪೂರ್ವಪಕ್ಷವು ಸಂಗ್ರಾಹಕನದು. ಒಂದು ಅಂಗವನ್ನು ತೆಗೆದರೂ ವಾದ್ಯವು ಹಿಂದಿನದಲ್ಲ. ಆದ್ದರಿಂದ ಕೆಟ್ಟ ಸ್ವಿಚ್ಚನ್ನಾದರೂ ಮುಟ್ಟಕೂಡದು ಎನ್ನುತ್ತಾನೆ ಅವನು. ಇದಕ್ಕೆ ನಮ್ಮ ನೈಯಾಯಿಕರಲ್ಲಿ ಬೆಂಬಲವಿರುವಂತೆ ತೋರುತ್ತದೆ. ಅವರ ಮತದಲ್ಲಿ ಅವಯವಿಯು ಅವಯವಗಳ ರಾಶಿಯಲ್ಲ; ಅವುಗಳಲ್ಲಿ ಸಮವಾಯದಿಂದಿರುವ ಬೇರೊಂದು ದ್ರವ್ಯ. ಬಟ್ಟೆಯಿಂದ ಒಂದು ನೂಲನ್ನು ಎಳೆದರೆ ಮೊದಲಿನ ಮಹಾಪಟವು ನಾಶವಾಗಿ, ಖಂಡಪಟವೆಂಬ ಮತ್ತೊಂದು ಹುಟ್ಟುತ್ತದೆ. ಆ ಲೆಕ್ಕದಲ್ಲಿ ಸ್ವಿಚ್ಚನ್ನು ಬಿಚ್ಚಿದ ಕ್ಷಣವೇ ೧೯೭೨ರ ಗಿಟಾರು ಅಳಿದು, ಹೊಸದನ್ನು ಕೂಡಿಸಿದಾಗ ಬೇರೊಂದು ಗಿಟಾರು ಹುಟ್ಟಿತು. ಹಾಗಾದರೆ "ಅದೇ ಇದು" ಎಂಬ ನಮ್ಮ ಜ್ಞಾನವೇನಾಯಿತು ಎಂದರೆ, ದೀಪದ ಕುಡಿಯನ್ನು ಕಂಡು "ಅದೇ ಜ್ವಾಲೆ" ಎನ್ನುವಂತೆ, ಸಜಾತೀಯವಾದುದರಿಂದ ಹಾಗೆ ತೋರುತ್ತದೆ ಎನ್ನುವರು.

ಆದರೆ ಈ ವಾದವು ಸಂಗ್ರಾಹಕನಿಗೆ ನಿಜವಾಗಿ ನೆರವಾಗುವುದಿಲ್ಲ. ಒಂದು ನೂಲಿನಿಂದ ಬಟ್ಟೆಯು ಅಳಿಯುವುದಾದರೆ, ಒಂದು ತಂತಿ ಹರಿದಾಗಲೂ ಗಿಟಾರು ಅಳಿಯಬೇಕು. ತಂತಿಗಳನ್ನು ಬದಲಾಯಿಸದ ಗಿಟಾರು ಲೋಕದಲ್ಲಿಲ್ಲ. ಅವನು ಕಾಪಾಡಬೇಕೆಂದಿರುವ ಮೂಲವು ಮೊದಲ ತಿಂಗಳಿನಲ್ಲಿಯೇ ಕಳೆದುಹೋಗಿದೆ. ಆದುದರಿಂದ ಅವನು ಬೆಲೆಕಟ್ಟುತ್ತಿರುವುದು ದ್ರವ್ಯದ ಐಕ್ಯಕ್ಕಲ್ಲ, ಮತ್ತಾವುದಕ್ಕೋ ಇರಬೇಕು.

ಗ್ರೀಕರಲ್ಲಿಯೂ ಈ ಚರ್ಚೆ ಪ್ರಸಿದ್ಧವಾಗಿದೆ. ವೀರನಾದ ಥೀಸಿಯಸನ ನೌಕೆಯನ್ನು ಅಥೆನ್ಸಿನ ಜನರು ಬಹುಕಾಲ ಉಳಿಸಿಕೊಂಡಿದ್ದರು. ಕೊಳೆತ ಹಲಗೆಯನ್ನು ತೆಗೆದು ಹೊಸದನ್ನು ಕೂಡಿಸುತ್ತ ಬಂದರು. ಅದು ಅದೇ ನೌಕೆಯೆಂದು ಕೆಲವರು, ಅಲ್ಲವೆಂದು ಕೆಲವರು ವಾದಿಸಿದರು ಎಂದು ಪ್ಲುಟಾರ್ಕನು ಬರೆದಿದ್ದಾನೆ. ಇಂಗ್ಲೆಂಡಿನ ಹಾಬ್ಸ್ ಎಂಬ ತತ್ತ್ವಜ್ಞನು ಇದಕ್ಕೆ ಒಂದು ತೊಡಕನ್ನು ಸೇರಿಸಿದನು: ಬಿಸುಟ ಹಳೆಯ ಹಲಗೆಗಳನ್ನೆಲ್ಲ ಒಬ್ಬನು ಆಯ್ದು ಅದೇ ಕ್ರಮದಲ್ಲಿ ಕೂಡಿಸಿದರೆ ಆ ಎರಡರಲ್ಲಿ ಯಾವುದು ಥೀಸಿಯಸನದು? ಗಿಟಾರಿನ ವ್ಯಾಪಾರದಲ್ಲಿ ಈ ತೊಡಕು ಕಲ್ಪನೆಯಾಗಿ ಉಳಿದಿಲ್ಲ. ಹಳೆಯ ವಾದ್ಯವನ್ನು ಬಿಡಿಬಿಡಿಯಾಗಿ ಕಳಚಿ, ಸ್ವಿಚ್ಚನ್ನೊಬ್ಬನಿಗೆ, ಕತ್ತನ್ನೊಬ್ಬನಿಗೆ ಮಾರುವವರಿದ್ದಾರೆ. ಅವನ್ನು ಕೊಂಡು ಮತ್ತೊಂದು "ಹಳೆಯ" ವಾದ್ಯವನ್ನು ಹುಟ್ಟಿಸುವವರೂ ಇದ್ದಾರೆ.

ಎರಡು ನಿಜವಾದ ಉದಾಹರಣೆಗಳನ್ನು ನೋಡೋಣ. ಎರಿಕ್ ಕ್ಲ್ಯಾಪ್ಟನ್ ಎಂಬ ಆಂಗ್ಲ ವಾದಕನು ೧೯೭೦ರಲ್ಲಿ ನ್ಯಾಶ್‌ವಿಲ್ ನಗರದ ಒಂದು ಅಂಗಡಿಯಲ್ಲಿ ಹಲವು ಹಳೆಯ ಸ್ಟ್ರಾಟೋಕಾಸ್ಟರುಗಳನ್ನು ಕೊಂಡು, ಕೆಲವನ್ನು ಸ್ನೇಹಿತರಿಗೆ ಕೊಟ್ಟು, ಉಳಿದ ಮೂರರ ಉತ್ತಮಾಂಶಗಳನ್ನು ಕೂಡಿಸಿ ಒಂದನ್ನು ಮಾಡಿಸಿಕೊಂಡನು. ಅದಕ್ಕೆ ಬ್ಲ್ಯಾಕಿ ಎಂದು ಹೆಸರು. ೨೦೦೪ರಲ್ಲಿ ಕ್ರಿಸ್ಟೀಸ್ ಸಂಸ್ಥೆಯ ಹರಾಜಿನಲ್ಲಿ ಅದು ೯,೫೯,೫೦೦ ಡಾಲರಿಗೆ ಹೋಯಿತು. ಡೇವಿಡ್ ಗಿಲ್ಮರನು ೧೯೭೦ರಲ್ಲಿ ನ್ಯೂಯಾರ್ಕಿನಲ್ಲಿ ಕೊಂಡ ಕಪ್ಪು ಸ್ಟ್ರಾಟೋಕಾಸ್ಟರಿನ ಕತೆಯು ಇನ್ನೂ ವಿಲಕ್ಷಣವಾದುದು. ಅದರ ಕತ್ತನ್ನು ಹಲವು ಸಲ ಬದಲಾಯಿಸಿದರು, ಮುಖಫಲಕವು ಬದಲಾಯಿತು, ಕುದುರೆಯ ಬಳಿಯ ಗ್ರಾಹಕವು ಬದಲಾಯಿತು, ಆಯ್ಕೆಯ ಸ್ವಿಚ್ಚಿನ ಜೊತೆಗೆ ಮತ್ತೊಂದು ಪುಟ್ಟ ಸ್ವಿಚ್ಚು ಬಂದು ಸೇರಿತು. ೨೦೧೯ರಲ್ಲಿ ಅದು ೩೯,೭೫,೦೦೦ ಡಾಲರಿಗೆ ಮಾರಾಟವಾಯಿತು. ಅಂಗಪರಿವರ್ತನೆಯೇ ಐಕ್ಯಕ್ಕೆ ಹಾನಿಯಾಗುವುದಾದರೆ ಇವೆರಡೂ ಮೂರು ಕಾಸಿಗೂ ಬಾಳಬಾರದಾಗಿತ್ತು. ಪ್ರಸಿದ್ಧರ ಕೈ ಸೋಂಕಿದುದರಿಂದ ಬೆಲೆ ಬಂದಿತೆಂದು ಹೇಳಬಹುದು, ಅದು ನಿಜ. ಆದರೆ ಗಮನಿಸತಕ್ಕ ಇನ್ನೊಂದು ಅಂಶವುಂಟು. ಗಿಲ್ಮರನ ವಾದ್ಯಗಳನ್ನು ನೋಡಿಕೊಳ್ಳುತ್ತಿದ್ದ ಫಿಲ್ ಟೇಲರನು ಆ ಗಿಟಾರಿನ ಮಾರ್ಪಾಟುಗಳ ಚರಿತ್ರೆಯನ್ನು ಒಂದು ಪುಸ್ತಕವಾಗಿಯೇ ಬರೆದಿದ್ದಾನೆ. ಬದಲಾದುದೆಲ್ಲ ಬಯಲಿನಲ್ಲಿದೆ. ಬದಲಾವಣೆಯು ವಾದ್ಯದ ಚರಿತ್ರೆಯಾಯಿತೇ ಹೊರತು ಅದರ ಕಳಂಕವಾಗಲಿಲ್ಲ.

ಎರಡನೆಯ ಪೂರ್ವಪಕ್ಷವು ಹುಡುಗನ ಮಿತ್ರನದು: ಸದೃಶವಾದುದನ್ನು ಹಾಕಿದ ಮೇಲೆ ಯಾರಿಗೂ ಏನೂ ನಷ್ಟವಿಲ್ಲ, ಧ್ವನಿಯು ಅದೇ, ರೂಪವು ಅದೇ, ಹೇಳುವುದಕ್ಕೇನಿದೆ? ಇದಕ್ಕೂ ಶಾಸ್ತ್ರದ ಬೆಂಬಲವನ್ನು ಹುಡುಕಬಹುದು. ಮೀಮಾಂಸಕರ ಪ್ರತಿನಿಧಿವಿಚಾರದಲ್ಲಿ, ಯಜ್ಞಕ್ಕೆ ವಿಹಿತವಾದ ವ್ರೀಹಿಯು ದೊರೆಯದಿದ್ದರೆ ಅದಕ್ಕೆ ಅತ್ಯಂತ ಸದೃಶವಾದ ನೀವಾರವನ್ನು, ಎಂದರೆ ಕಾಡುಬತ್ತವನ್ನು, ತೆಗೆದುಕೊಳ್ಳಬೇಕೆಂದಿದೆ. ಸಾದೃಶ್ಯವು ಹೆಚ್ಚಿದಷ್ಟೂ ಪ್ರತಿನಿಧಿಯು ಯೋಗ್ಯವಾದುದು, ಕರ್ಮವು ಕೆಡುವುದಿಲ್ಲ. ಹಾಗೆಯೇ ಮೂರು ಸ್ಥಾನಗಳ ಹೊಸ ಸ್ವಿಚ್ಚು ಹಳೆಯದರ ಯೋಗ್ಯ ಪ್ರತಿನಿಧಿಯಲ್ಲವೇ?

ಪ್ರತಿನಿಧಿಯೇನೋ ಹೌದು. ಆದರೆ ಯಜ್ಞಶಾಲೆಗೂ ಸಂತೆಗೂ ಇರುವ ಭೇದವನ್ನು ಮರೆಯಬಾರದು. ಯಜ್ಞದಲ್ಲಿ ನೀವಾರವನ್ನು ನೀವಾರವೆಂದು ತಿಳಿದೇ ತೆಗೆದುಕೊಳ್ಳುತ್ತಾರೆ; ಯಜಮಾನನಿಗೂ ಋತ್ವಿಜರಿಗೂ ಅದು ಗುಟ್ಟಲ್ಲ. ಅಲ್ಲಿ ಸಾದೃಶ್ಯವು ಕರ್ಮಕ್ಕೆ ಸೇವೆಮಾಡುತ್ತದೆ. ಸಂತೆಯಲ್ಲಿ ಮುಚ್ಚಿಟ್ಟ ಸಾದೃಶ್ಯವು ಮಾರುವವನಿಗೆ ಸೇವೆಮಾಡುತ್ತದೆ. ಐದು ಸ್ಥಾನಗಳ ಸ್ವಿಚ್ಚು ತಾನು ಪರಕೀಯವೆಂಬುದನ್ನು ಬಲ್ಲವರಿಗೆ ತಾನೇ ಸಾರಿಹೇಳುತ್ತಿತ್ತು. ಮೂರು ಸ್ಥಾನಗಳ ಹೊಸ ಸ್ವಿಚ್ಚಾದರೋ ಬಲ್ಲವನನ್ನು ಕೂಡ ನಂಬಿಸುತ್ತದೆ. ಹೀಗಾಗಿ ವಾದ್ಯವನ್ನು ಮೂಲರೂಪಕ್ಕೆ ಹತ್ತಿರ ತಂದಷ್ಟೂ, ಸುಮ್ಮನಿರುವುದು ಸುಳ್ಳಿಗೆ ಹತ್ತಿರವಾಗುತ್ತದೆ. ಇದು ವಿಪರೀತವಾಗಿ ಕಂಡರೂ ಸತ್ಯ. ಇನ್ನು, ಅದೇ ಪ್ರತಿನಿಧಿವಿಚಾರದಲ್ಲಿ ದೇವತೆಗೆ, ಅಗ್ನಿಗೆ, ಮಂತ್ರಕ್ಕೆ, ಯಜಮಾನನಿಗೆ ಪ್ರತಿನಿಧಿಯಿಲ್ಲವೆಂದೂ ಹೇಳಿರುವರು. ಬತ್ತಕ್ಕೆ ಬದಲಿ ಉಂಟು; ಸಂಕಲ್ಪಮಾಡಿದವನಿಗೆ ಬದಲಿ ಇಲ್ಲ. ಸ್ವಿಚ್ಚಿಗೆ ಬದಲಿ ಉಂಟು; "ಇದು ಹೀಗಿದೆ" ಎಂದು ಹೇಳತಕ್ಕವನ ಮಾತಿಗೆ ಬದಲಿ ಇಲ್ಲ.

ಇಷ್ಟರಿಂದ ಸಿದ್ಧಾಂತವು ಹೊರಡುತ್ತದೆ. "ಅದೇ" ಎಂಬ ಮಾತಿನಲ್ಲಿ ಎರಡು ಅರ್ಥಗಳು ಬೆರೆತಿವೆ. ಒಂದು ಕಾರ್ಯದ ಐಕ್ಯ. ಮತ್ತೊಂದು ಚರಿತ್ರೆಯ ಐಕ್ಯ. ಕಾರ್ಯದ ದೃಷ್ಟಿಯಿಂದ, ಅಂಗವು ತನ್ನ ಅಂಗಿಗೆ ಮಾಡಬೇಕಾದ ಸೇವೆಯನ್ನು ಮಾಡುತ್ತಿರುವವರೆಗೆ ಅಂಗಿಯು ಅದೇ. ನನ್ನ ಬಲಗಣ್ಣಿನ ಮಸೂರವು ಮಬ್ಬಾಗಿ ವೈದ್ಯರು ಅದನ್ನು ತೆಗೆದು ಕೃತಕವಾದೊಂದನ್ನು ಇಟ್ಟಿದ್ದಾರೆ. ಅದರಿಂದ ನಾನು ಬೇರೊಬ್ಬನಾದೆನೆಂದು ನನ್ನ ಮನೆಯವರಾರೂ ಭಾವಿಸಿಲ್ಲ. ಕಾಣದ ಕಣ್ಣನ್ನು ಮೂಲವೆಂದು ಕಾಪಾಡಿಕೊಂಡಿದ್ದರೆ ನಾನು ಇಂದು ಈ ಲೇಖನವನ್ನು ಬರೆಯುತ್ತಿರಲಿಲ್ಲ. ನುಡಿಯುವುದೇ ವಾದ್ಯದ ಧರ್ಮ. ಬೆಲೆ ತಗ್ಗುವುದೆಂಬ ಭಯದಿಂದ ಅದನ್ನು ಮೂಕವಾಗಿಡುವುದು ಆ ಧರ್ಮಕ್ಕೆ ದ್ರೋಹ. ವಸ್ತುಸಂಗ್ರಹಾಲಯದಲ್ಲಿಟ್ಟ ವಾದ್ಯದ ಮಾತು ಬೇರೆ. ಅಲ್ಲಿ ಅದರ ಕಾರ್ಯವು ನುಡಿಯುವುದಲ್ಲ, ಸಾಕ್ಷಿ ಹೇಳುವುದು. ಸಾಕ್ಷಿಯ ಮಾತನ್ನು ತಿದ್ದಬಾರದು.

ಚರಿತ್ರೆಯ ಐಕ್ಯವಾದರೋ ಮರದಲ್ಲಿಯೂ ಲೋಹದಲ್ಲಿಯೂ ಇರುವುದಲ್ಲ. ಅದು ಮಾತಿನಲ್ಲಿ ಇರುವುದು. ಇದನ್ನು ಪ್ರಮಾಣಗಳ ಮೂಲಕ ನೋಡಿದರೆ ಸ್ಪಷ್ಟವಾಗುತ್ತದೆ. ೧೧ ತಿರುಪುಗಳು ಮುಚ್ಚಿದ ಮೇಲೆ ಕೊಳ್ಳುವವನಿಗೆ ಒಳಗಿನ ವಿಷಯದಲ್ಲಿ ಪ್ರತ್ಯಕ್ಷವಿಲ್ಲ. ಅನುಮಾನಮಾಡೋಣವೆಂದರೆ, ಸದೃಶವಾದ ಅಂಗವು ಅವನನ್ನು ತಪ್ಪುದಾರಿಗೆ ಎಳೆಯುತ್ತದೆ, ಹೇತುವೇ ಆಭಾಸವಾಗಿರುತ್ತದೆ. ಅವನಿಗೆ ಉಳಿದಿರುವುದು ಶಬ್ದವೊಂದೇ. ಕಂಡುದನ್ನು ಕಂಡಂತೆ ಹೇಳುವವನೇ ಆಪ್ತನೆಂದು ನಮ್ಮವರ ಲಕ್ಷಣ. ಮಾರುವವನು ತಾನು ಬಯಸಲಿ ಬಿಡಲಿ, ಆ ಹೊತ್ತಿಗೆ ಆಪ್ತನ ಪೀಠದಲ್ಲಿ ಕುಳಿತಿರುತ್ತಾನೆ. ಕೊಳ್ಳುವವನು ಕೊಡುವ ಹಣದಲ್ಲಿ ಒಂದು ಪಾಲು ಮರಕ್ಕೆ, ಒಂದು ಪಾಲು ನಾದಕ್ಕೆ, ಮತ್ತೊಂದು ಪಾಲು ಆ ಮಾತಿಗೆ. ಮಾತು ಸುಳ್ಳಾದರೆ ಆ ಪಾಲನ್ನು ಕದ್ದಂತೆಯೇ ಸರಿ.

ಇಲ್ಲಿ ಕೆಲವು ಆಕ್ಷೇಪಗಳಿವೆ. ಕೇಳದಿದ್ದರೂ ಹೇಳಬೇಕೇ ಎಂಬುದು ಮೊದಲನೆಯದು. ರೋಮಿನ ಸಿಸೆರೊ ತನ್ನ ಕರ್ತವ್ಯವಿಚಾರದ ಗ್ರಂಥದಲ್ಲಿ ಇಂತಹುದೇ ಒಂದು ಪ್ರಶ್ನೆಯನ್ನೆತ್ತಿದ್ದಾನೆ. ಕ್ಷಾಮದಲ್ಲಿರುವ ರೋಡ್ಸ್ ದ್ವೀಪಕ್ಕೆ ಧಾನ್ಯವನ್ನು ತಂದ ವರ್ತಕನು, ಹಿಂದೆ ಇನ್ನೂ ಅನೇಕ ಧಾನ್ಯದ ಹಡಗುಗಳು ಬರುತ್ತಿರುವುದನ್ನು ತಾನು ಕಂಡಿರುವಾಗ, ಅದನ್ನು ಜನರಿಗೆ ಹೇಳಬೇಕೇ ಅಥವಾ ಸುಮ್ಮನಿದ್ದು ಹೆಚ್ಚು ಬೆಲೆಗೆ ಮಾರಬಹುದೇ? ಹೇಳಬೇಕಾಗಿಲ್ಲವೆಂದು ಡಯೋಜಿನೀಸನೂ, ಹೇಳಲೇಬೇಕೆಂದು ಆಂಟಿಪೇಟರನೂ ವಾದಿಸಿದರಂತೆ. ಸಿಸೆರೊ ಮುಚ್ಚಿಡಬಾರದೆಂಬ ಕಡೆಗೆ ಒಲಿಯುತ್ತಾನೆ. ಆ ಪ್ರಸಂಗದಲ್ಲಿ ಗುಟ್ಟು ಧಾನ್ಯದ ಹೊರಗಿತ್ತು; ನಮ್ಮ ಪ್ರಸಂಗದಲ್ಲಿ ಗುಟ್ಟು ವಸ್ತುವಿನ ಒಳಗೇ ಇದೆ. ಆದಕಾರಣ ಇಲ್ಲಿ ಸಂದೇಹವು ಇನ್ನೂ ಕಡಮೆ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ, ಒಂದರಲ್ಲಿ ಮತ್ತೊಂದನ್ನು ಬೆರಸಿದುದೂ ಮರೆಮಾಡಿದುದೂ ಮಾರಾಟಕ್ಕೆ ಅರ್ಹವಲ್ಲವೆಂದು ವಿಧಿಸಿರುವುದು ಈ ಕಾರಣದಿಂದಲೇ.

ಹಾಗಾದರೆ ಬದಲಾಯಿಸಿದ ತಂತಿಯನ್ನೂ ಒಂದು ತಿರುಪನ್ನೂ ಬಿಡದೆ ವರದಿಮಾಡಬೇಕೇ ಎಂಬುದು ಎರಡನೆಯ ಆಕ್ಷೇಪ. ಬೇಡ. ತಂತಿಗಳು ಬದಲಾಗುತ್ತವೆಂಬುದು ಎಲ್ಲರಿಗೂ ತಿಳಿದುದು. ಅಲ್ಲಿ ಮೌನದಿಂದ ಯಾರಿಗೂ ಭ್ರಾಂತಿಯುಂಟಾಗದು. ಅಳತೆ ಇಷ್ಟೆ: ನನ್ನ ಮೌನದಿಂದ ಎದುರಿನವನಲ್ಲಿ ಒಂದು ತಪ್ಪು ತಿಳಿವಳಿಕೆ ನಿಂತು, ಅದನ್ನು ನಂಬಿ ಅವನು ಹಣವನ್ನು ಕೊಡುವನೋ? ಕೊಡುವನಾದರೆ ನನ್ನ ಮೌನವೂ ಮಾತೇ, ಸುಳ್ಳುಮಾತು.

ಮೂರನೆಯದು ಎಲ್ಲಕ್ಕಿಂತ ಬಲವಾದುದು: ನಾನೇ ಮೋಸಹೋಗಿರುವಾಗ ನಷ್ಟವನ್ನು ನಾನೇಕೆ ಹೊರಲಿ? ಇದಕ್ಕೆ ಸಮಾಧಾನವು ಕಹಿಯಾದುದು. ಸುಳ್ಳು ನಾಣ್ಯವು ಕೈಗೆ ಬಂದವನು ಅದನ್ನು ಮುಂದಕ್ಕೆ ಸಾಗಿಸಿದರೆ ಅವನ ನಷ್ಟವು ತೀರುತ್ತದೆ. ನಾಣ್ಯದ ಸುಳ್ಳು ತೀರುವುದಿಲ್ಲ. ಅದು ಕೈಯಿಂದ ಕೈಗೆ ಹೋಗಿ, ಕೊನೆಗೆ ಎಲ್ಲರಿಗಿಂತ ತಿಳಿವಳಿಕೆ ಕಡಮೆಯಾದವನ ಕೈಯಲ್ಲಿ ನಿಲ್ಲುತ್ತದೆ. ಎಲ್ಲಿಯೋ ಒಬ್ಬನು ಅದನ್ನು ತನ್ನಲ್ಲಿ ನಿಲ್ಲಿಸಿಕೊಳ್ಳಬೇಕು. ನಿಲ್ಲಿಸುವವನಿಗೆ ಅದರ ಬೆಲೆ ಬೀಳುತ್ತದೆ. ಮಾರಿದವನಿಂದ ಆ ನಷ್ಟವನ್ನು ಕೇಳುವ ಹಕ್ಕು ಅವನಿಗೆ ಉಂಟು. ಮುಂದಿನವನಿಂದ ವಸೂಲುಮಾಡುವ ಹಕ್ಕು ಮಾತ್ರ ಇಲ್ಲ. ಧರ್ಮವು ಬಿಟ್ಟಿಯಾಗಿ ಸಿಕ್ಕುವುದೆಂದು ಮಕ್ಕಳಿಗೆ ಕಲಿಸುವುದು ತಪ್ಪು. ಇದನ್ನು ನಾನು ಹುಡುಗನಿಗೆ ಮರೆಮಾಚದೆ ಬರೆದೆನು. ಅವನು ನುಡಿಸುವ ಅನುಕೂಲಕ್ಕಾಗಿ ಐದು ಸ್ಥಾನಗಳ ಸ್ವಿಚ್ಚನ್ನೇ ಹೊಸದಾಗಿ ಹಾಕಿಸಿ, ಮಾರುವಾಗ ಎಲ್ಲವನ್ನೂ ಹೇಳಿದನು; ಬೆಲೆಯು ಇಳಿಯಿತು; ಅವನಿಗೆ ನಷ್ಟವಾಯಿತು. ಮೊದಲು ಮಾರಿದವನು ಅವನ ಪತ್ರಕ್ಕೆ ಉತ್ತರ ಕೊಡಲಿಲ್ಲ. ಇದರಲ್ಲಿ ಕತೆಗಳಲ್ಲಿರುವಂತಹ ಫಲಪ್ರಾಪ್ತಿಯೇನೂ ಇಲ್ಲ. ಆ ವಾದ್ಯದ ವಿಷಯದಲ್ಲಿ ಒಂದು ಸುಳ್ಳು ಅಲ್ಲಿಗೆ ನಿಂತಿತು ಎಂಬುದಿಷ್ಟೇ ಫಲ.

ಒಳ್ಳೆಯ ಕುಶಲಿಗಳಲ್ಲಿ ಒಂದು ಸಂಪ್ರದಾಯವಿದೆ. ತೆಗೆದ ಹಳೆಯ ಅಂಗವನ್ನು ಅವರು ಬಿಸುಡುವುದಿಲ್ಲ. ಒಂದು ಚೀಲದಲ್ಲಿ ಹಾಕಿ ಒಡೆಯನಿಗೆ ಹಿಂದಿರುಗಿಸುತ್ತಾರೆ, ಮತ್ತು ವಾದ್ಯವು ಕೈ ಬದಲಾಗುವಾಗ ಅದೂ ಜೊತೆಗೆ ಹೋಗುತ್ತದೆ. ಇದಕ್ಕೆ ಇನ್ನೊಂದನ್ನು ಸೇರಿಸಬೇಕೆಂದು ನನ್ನ ಸೂಚನೆ: ಯಾವ ಇಸವಿಯಲ್ಲಿ ಏನನ್ನು ಬದಲಾಯಿಸಲಾಯಿತೆಂದು ಒಂದು ಚೀಟಿಯಲ್ಲಿ ಬರೆದು ಆ ಚೀಲದಲ್ಲಿಯೇ ಇಡಬೇಕು. ಗಿಟಾರಿಗೆ ಮಾತ್ರವಲ್ಲ, ಮನೆಯ ವೀಣೆಗೆ, ಗಡಿಯಾರಕ್ಕೆ, ಜೀರ್ಣೋದ್ಧಾರವಾದ ಗುಡಿಯ ಕಂಬಕ್ಕೂ ಇದು ಸಲ್ಲುತ್ತದೆ. ಸವೆಯುವುದು ವಸ್ತುಗಳ ಸ್ವಭಾವ, ಸರಿಪಡಿಸುವುದು ಕೈಯ ಕರ್ತವ್ಯ, ಸರಿಪಡಿಸಿದೆನೆಂದು ಹೇಳುವುದು ನಾಲಗೆಯ ಕರ್ತವ್ಯ. ಈ ಮೂರರಲ್ಲಿ ಮೊದಲನೆಯದು ನಮ್ಮ ಅಧೀನದಲ್ಲಿಲ್ಲ. ಉಳಿದೆರಡನ್ನು ನಡೆಸಿದವನು, ತಾನು ಕೊಡುವ ವಸ್ತುವನ್ನು ಕುರಿತು "ಇದು ಅದೇ" ಎಂದು ನಿಃಶಂಕೆಯಿಂದ ಹೇಳಬಹುದು.